ಹಿತ್ತಲ ಬಾಗಿಲಿನಿಂದ ಮಲ್ಲೇಶ್ವರ

ಕೇಳುಗರಿಗೆ ನಮಸ್ಕಾರ.

ಹಳೇ ಬಡಾವಣೆಗಳಲ್ಲಿ ಒಂದು ಮನೆಯ ಸುತ್ತ ಹಸಿರು ಬಲೆ ಕಟ್ಟಿದರು ಅಂದರೆ ಗೊತ್ತಾಯಿತು, ಅದು ಇನ್ನು ಕೆಲವೇ ದಿನ. ಆಮೇಲೆ ಜೆಸಿಬಿ ಬರುತ್ತದೆ. ಬಾಗಿಲು, ಕಿಟಕಿ, ತೊಲೆ ಎಲ್ಲ ಹಳೇ ಮರದ ಅಂಗಡಿಗೆ ಹೋಗುತ್ತವೆ. ಆ ಮನೆಯಲ್ಲಿದ್ದ ಹಿರಿಯರು ಮಗಳ ಮನೆಗೋ, ಊರಾಚೆಯ ಅಪಾರ್ಟ್‌ಮೆಂಟಿಗೋ ಹೋಗುತ್ತಾರೆ. ಮನೆ ಒಂದು ಕಡೆ, ಮನೆಯ ನೆನಪು ಇನ್ನೊಂದು ಕಡೆ. ಇವೆರಡೂ ಒಂದೇ ಜಾಗದಲ್ಲಿ ಇರುವಾಗಲೇ ಬರೆದಿಟ್ಟುಕೊಳ್ಳಬೇಕು ಅನ್ನುವುದು ನನ್ನ ಮಾತು. ಜೊತೆಗೆ ಇನ್ನೊಂದು ಮಾತೂ ಇದೆ. ಬರೆದಿಡುವಾಗ ನಾವು ಸಾಮಾನ್ಯವಾಗಿ ಮುಂಬಾಗಿಲಲ್ಲೇ ನಿಂತುಬಿಡುತ್ತೇವೆ. ಹಿತ್ತಲಿಗೂ ಹೋಗಬೇಕು.

ನಾನು ಬೆಂಗಳೂರಿನ ಮಲ್ಲೇಶ್ವರದ ಬಗ್ಗೆ ಹೇಳುತ್ತೇನೆ. ಓಡಾಡಿ, ಬಾಗಿಲು ತಟ್ಟಿ, ಕೂತು ಮಾತು ಕೇಳಿದ ಜಾಗ ಅದು. ನಿಮ್ಮದು ಧಾರವಾಡದ ಮಾಳಮಡ್ಡಿ ಇರಬಹುದು, ಮೈಸೂರಿನ ಅಗ್ರಹಾರ ಇರಬಹುದು, ಕೆಲಸ ಹೆಚ್ಚುಕಮ್ಮಿ ಅದೇ.

ಮಲ್ಲೇಶ್ವರದ ಕಥೆ ಯಾರನ್ನು ಕೇಳಿದರೂ ಪ್ಲೇಗಿನಿಂದ ಶುರುವಾಗುತ್ತದೆ. ಅದು ನಿಜವೂ ಹೌದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸತ್ತರು, ಉಳಿದವರು ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡರು. ಊರಿನ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬೆಳೆದದ್ದು ಆ ಕಾಲದಲ್ಲಿ. ಗಾಳಿ ಬೆಳಕು ಬರಲಿ ಅಂತ ನೇರ ರಸ್ತೆ, ಮನೆ ಸುತ್ತ ಜಾಗ, ಒಂದಾದ ಮೇಲೊಂದು ಕ್ರಾಸ್. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಂತ ಮರಗಳ ಹೆಸರು.

ಆದರೆ ಅದಕ್ಕೂ ಮುಂಚೆ ಇಲ್ಲಿ ಊರಿತ್ತು. ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರದ ಬಂಡೆಯ ಮೇಲೆ 1669ರ ಶಾಸನ ಇದೆ. ಶಿವಾಜಿಯ ಮಲಸೋದರ ಏಕೋಜಿ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿ ಅನ್ನುವ ಹಳ್ಳಿಯನ್ನು ಬಿಟ್ಟುಕೊಟ್ಟ ಶಾಸನ. ನೂರಾರು ವರ್ಷ ಯಾರೋ ಉತ್ತು, ಬಿತ್ತು, ಆ ದೇವರಿಗೆ ದೀಪ ಹಚ್ಚಿದ್ದಾರೆ. 1997ರಲ್ಲಿ ದೇವಸ್ಥಾನದ ಎದುರಿನ ಖಾಲಿ ಜಾಗ ಅಗೆದಾಗ ಮಣ್ಣಿನ ಕೆಳಗೆ ಇಡೀ ಕಲ್ಯಾಣಿಯೇ ಸಿಕ್ಕಿತು, ನಂದಿಯ ಬಾಯಿಂದ ನೀರು ಬರುವ ನಂದಿ ತೀರ್ಥ. ಈಗ ಅದನ್ನು ಏಳು ಸಾವಿರ ವರ್ಷ ಹಳೆಯದು ಅಂತ ಮೊಬೈಲಿನಲ್ಲಿ ಕಳಿಸುವವರಿದ್ದಾರೆ. ಕಲ್ಲಿನ ಕೆಲಸ ನೋಡಿದರೆ ಅದು ಶಾಸನದ ಕಾಲಕ್ಕೇ ಹತ್ತಿರ, ಅಂದರೆ ಕೆಲವು ನೂರು ವರ್ಷ. ಅಷ್ಟು ವಯಸ್ಸೇ ಸಾಕು, ಜಾಸ್ತಿ ಮಾಡಬೇಕಾಗಿಲ್ಲ. ಒಂದು ಸುಳ್ಳು ಸೇರಿತು ಅಂದರೆ ಪಕ್ಕದಲ್ಲಿರುವ ನಿಜವನ್ನೂ ಜನ ನಂಬುವುದಿಲ್ಲ.

ಇನ್ನು ಮನೆಗಳ ವಿಷಯಕ್ಕೆ ಬರೋಣ. ಹಿರಿಯರನ್ನು ಸೋಫಾ ಮೇಲೆ ಕೂರಿಸಿ, ಫೋನ್ ರೆಕಾರ್ಡಿಂಗ್ ಒತ್ತಿ, ಹಳೇ ಕಾಲದ ಬಗ್ಗೆ ಏನಾದರೂ ಹೇಳಿ ಅಂದರೆ ಎಲ್ಲರೂ ಒಂದೇ ಹೇಳುತ್ತಾರೆ. ಆಗ ಟ್ರಾಫಿಕ್ ಇರಲಿಲ್ಲ, ಫ್ಯಾನ್ ಬೇಕಿರಲಿಲ್ಲ, ಎಲ್ಲ ಚೆನ್ನಾಗಿತ್ತು. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಅದರ ಬದಲು ಅವರನ್ನು ಎಬ್ಬಿಸಿ, ಮನೆಯೊಳಗೆ ನಿಧಾನವಾಗಿ ಒಂದು ಸುತ್ತು ನಡೆಯಿರಿ. ಅಮ್ಮ, ಈ ಕಿಟಕಿ ಯಾಕೆ ಮುಚ್ಚಿದೆ? ಇಲ್ಲಿ ಇನ್ನೊಂದು ಬಾಗಿಲಿತ್ತಾ? ಈ ಗೋಡೆ ಹೊಸದಲ್ವಾ? ಆಗ ನೋಡಿ. ಗೋಡೆ ಬಂದದ್ದು ಅಣ್ಣತಮ್ಮಂದಿರು ಭಾಗ ಆದ ವರ್ಷ. ಕಿಟಕಿ ಮುಚ್ಚಿದ್ದು ಪಕ್ಕದ ಸೈಟಿನಲ್ಲಿ ಮೂರು ಅಂತಸ್ತು ಎದ್ದ ಮೇಲೆ. ಮೂಲೆಯ ಕತ್ತಲೆ ಕೋಣೆ ಬಾಣಂತಿಯರದ್ದು, ಆ ಮನೆಯ ಎಷ್ಟೋ ಮಕ್ಕಳು ಹುಟ್ಟಿದ್ದು ಅಲ್ಲೇ. ಸೋಫಾದಲ್ಲಿ ಕೂತಿದ್ದಾಗ ಇದರಲ್ಲಿ ಒಂದೂ ಬಂದಿರಲಿಲ್ಲ.

ಯಾವ ವರ್ಷ ಅಂತ ನೇರವಾಗಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ಗೊತ್ತಿರುವ ದಿನದ ಪಕ್ಕದಲ್ಲಿಟ್ಟು ಕೇಳಿ. ಗಾಂಧೀಜಿ ಹೋದಾಗ ನೀವು ಈ ಮನೆಯಲ್ಲೇ ಇದ್ದಿರಾ? ಕಾವೇರಿ ನೀರು ಬರುವ ಮುಂಚೆಯೋ ಆಮೇಲೋ? ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ. 1980ರ ಫೆಬ್ರವರಿಯ ಸೂರ್ಯಗ್ರಹಣದ ದಿನ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ ಅಂತ ಹೇಳದವರೇ ಇಲ್ಲ. ಇಂದಿರಾ ಗಾಂಧಿ ಹತ್ಯೆ, ಮನೆಗೆ ಟಿವಿ ಬಂದದ್ದು, ಭಾನುವಾರದ ರಾಮಾಯಣ. ಇವನ್ನೆಲ್ಲ ಇಟ್ಟುಕೊಂಡು ಆಚೀಚೆ ಸರಿಸುತ್ತ ಹೋದರೆ ಒಂದೆರಡು ವರ್ಷದ ಒಳಗೆ ಬಂದು ನಿಲ್ಲಬಹುದು.

ನೆನಪನ್ನು ಹೀಗೆ ತಾಳೆ ನೋಡುವ ಹಾಗೆ ಕಟ್ಟಡವನ್ನೂ ತಾಳೆ ನೋಡಬೇಕು. ತಾರಸಿ ನೋಡಿ. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ ಕೂರಿಸಿದ್ದರೆ ಅದು ಮದ್ರಾಸ್ ಟೆರೇಸ್, ಸಿಮೆಂಟು ಕಬ್ಬಿಣದ ಮೋಲ್ಡಿಂಗ್ ಮನೆಮನೆಗೂ ಬರುವ ಮುಂಚಿನದು. ಕಿಟಕಿ, ವರಾಂಡದ ಮೇಲೆ ಚೂಪು ತುದಿಯ ಮರದ ಪಟ್ಟಿಗಳಿದ್ದರೆ ಅದನ್ನು ಬೆಂಗಳೂರಿನವರು ಮಂಕಿ ಟಾಪ್ ಅನ್ನುತ್ತಾರೆ. ಕಬ್ಬಿಣದ ತೊಲೆಯ ಮೇಲೆ ಇಂಗ್ಲೆಂಡಿನ ಡಾರ್ಮನ್ ಲಾಂಗ್ ಕಂಪನಿಯ ಹೆಸರು ಎದ್ದು ಕಾಣಬಹುದು. ಹೆಂಚಿನ ವಿಷಯದಲ್ಲಿ ಮಾತ್ರ ಹುಷಾರು. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಅಂತ ಇದ್ದರೆ ಮನೆ 1865ರದ್ದು ಅಂತ ಕುಣಿಯಬೇಡಿ. ಅದು ಮಂಗಳೂರಿನಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ದಶಕಗಟ್ಟಲೆ ಅದೇ ಅಚ್ಚು ಒತ್ತಿದ್ದಾರೆ.

ಈಗ ಹಿತ್ತಲಿಗೆ ಬನ್ನಿ.

ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಸಣ್ಣ ಗಲ್ಲಿ ಇರುತ್ತದೆ. ಜನ ಅದನ್ನು ಕನ್ಸರ್ವೆನ್ಸಿ ಅನ್ನುತ್ತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಕೆಲವು ಕಡೆ ಗೋಡೆಗೆ ಬಣ್ಣ ಬಳಿದು ಚಿತ್ರ ಬರೆದಿದ್ದಾರೆ, ಮಕ್ಕಳು ಆಡುತ್ತಾರೆ, ನೋಡೋಕೆ ಖುಷಿ. ಆದರೆ ಆ ಗಲ್ಲಿ ಯಾಕೆ ಹುಟ್ಟಿತು? ಒಳಚರಂಡಿ ಇಲ್ಲದ ಕಾಲದಲ್ಲಿ ಪಾಯಿಖಾನೆ ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಅದನ್ನು ಬರಿಗೈಯಲ್ಲಿ ಬಳಿದು, ತಲೆಯ ಮೇಲೆ ಹೊತ್ತುಕೊಂಡು ಹೋಗುವವರು ಮುಂದಿನ ರಸ್ತೆಯಲ್ಲಿ ಕಾಣಿಸಬಾರದು, ಅದಕ್ಕೆ ಆ ಗಲ್ಲಿ. ಗಾಳಿ ಬೆಳಕಿನ ಆರೋಗ್ಯವಂತ ಬಡಾವಣೆ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಆ ಆರೋಗ್ಯವನ್ನು ದಿನಾ ಬೆಳಿಗ್ಗೆ ಹೊತ್ತು ನಡೆದವರು ಇವರು. ಜಾತಿಯ ಕಾರಣಕ್ಕೆ ಈ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟ ಜನ. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ.

ಮನೆಯ ಹಿರಿಯರನ್ನು ಕೇಳಿದರೆ ತುಳಸಿಕಟ್ಟೆ, ಬಾವಿ, ಹಲಸಿನ ಮರ ಎಲ್ಲ ಬರುತ್ತದೆ, ಆ ಹಿಂದಿನ ಸಣ್ಣ ಬಾಗಿಲು ಬರುವುದಿಲ್ಲ. ಬೇಕಂತಲೇ ಮುಚ್ಚಿಡುತ್ತಾರೆ ಅಂತಲ್ಲ. ಅವರು ಆ ಕಡೆ ನೋಡಿಯೇ ಇಲ್ಲ. ನಾನು ಒಬ್ಬ ಹಿರಿಯ ಹೆಂಗಸನ್ನು ಕೇಳಿದ್ದೆ, ಅಮ್ಮ, ಆ ಬಾಗಿಲಿಗೆ ಬರುತ್ತಿದ್ದವರ ಹೆಸರೇನು ಅಂತ. ತುಂಬ ಹೊತ್ತು ಯೋಚಿಸಿದರು. ಗೊತ್ತಿಲ್ಲಪ್ಪ, ಯಾವತ್ತೂ ಕೇಳಲೇ ಇಲ್ಲ ಅಂದರು. ಅದನ್ನು ಹಾಗೇ ಬರೆದುಕೊಂಡೆ. ಅದೂ ಆ ಮನೆಯ ಇತಿಹಾಸವೇ. ಹೆಸರು ಬೇಕಿದ್ದರೆ ಪೌರಕಾರ್ಮಿಕರು ವಾಸವಿರುವ ಕಾಲೋನಿಗಳಿಗೆ ಹೋಗಬೇಕು, ಅಲ್ಲಿ ಹಿರಿಯರಿದ್ದಾರೆ, ಅವರಿಗೆ ಮಲ್ಲೇಶ್ವರದ ಪ್ರತಿ ಕ್ರಾಸಿನ ಹಿಂಭಾಗವೂ ಗೊತ್ತು. ಯಾವ ಮನೆಯವರು ಹಬ್ಬದ ದಿನ ಏನು ಕೊಡುತ್ತಿದ್ದರು, ಯಾರು ನೀರನ್ನು ಮೇಲಿಂದ ಸುರಿಯುತ್ತಿದ್ದರು ಅಂತಲೂ ಗೊತ್ತು. ಅದನ್ನು ಕೇಳೋಕೆ ಸಂಕಟ ಆಗುತ್ತದೆ. ಆದರೂ ಕೇಳಬೇಕು. ಅವರಿಗೆ ಹೇಳಲು ಇಷ್ಟವಿಲ್ಲದಿದ್ದರೆ ಸುಮ್ಮನೆ ನಮಸ್ಕಾರ ಹೇಳಿ ಎದ್ದು ಬರಬೇಕು, ಒತ್ತಾಯ ಮಾಡುವ ಹಕ್ಕು ನಮಗಿಲ್ಲ.

ಇದೇ ಥರ ದಾಖಲೆಯಿಂದ ಹೊರಗೆ ಉಳಿಯುವ ಇನ್ನೊಂದು ದೊಡ್ಡ ಗುಂಪು ಬಾಡಿಗೆದಾರರು. ಖಾತೆ, ಕಂದಾಯ ರಸೀದಿ, ಕ್ರಯಪತ್ರ, ವಿಭಾಗಪತ್ರ ಎಲ್ಲದರಲ್ಲೂ ಇರುವುದು ಮಾಲೀಕರ ಹೆಸರು. ಆದರೆ ಒಂದು ವಠಾರದಲ್ಲಿ ಎಂಟು ಹತ್ತು ಸಂಸಾರ, ಒಂದೇ ಬಾವಿ, ಒಂದೇ ನಲ್ಲಿ, ಸಾಲಿನಲ್ಲಿಟ್ಟ ಬಿಂದಿಗೆ. ಗುಮಾಸ್ತರು, ಮೇಷ್ಟ್ರು, ಮಿಲ್ಲಿನ ಕೆಲಸಗಾರರು, ಓದೋಕೆ ಅಂತ ಊರಿಂದ ಬಂದ ಹುಡುಗರು. ಇವರು ಎಲ್ಲಿ ಸಿಗುತ್ತಾರೆ? ಹಳೇ ರೇಷನ್ ಕಾರ್ಡಿನಲ್ಲಿ. ಮದುವೆ ಕರೆಯೋಲೆಯ ವಿಳಾಸದಲ್ಲಿ. ಇನ್ನೊಂದು ಜಾಗ ಇದೆ, ಬಾನುಲಿಯಲ್ಲಿ ಕೂತು ಹೇಳೋಕೆ ನನಗೆ ಸಂತೋಷ: ರೇಡಿಯೋ ಲೈಸೆನ್ಸು. ಆಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಒಂದು ಪುಸ್ತಕ ಕೊಡುತ್ತಿದ್ದರು, ಹೆಸರು, ವಿಳಾಸ, ವರ್ಷ ವರ್ಷ ದುಡ್ಡು ಕಟ್ಟಿದ ಗುರುತು. 1980ರ ದಶಕದಲ್ಲಿ ಅದು ರದ್ದಾಯಿತು. ಆ ಪುಸ್ತಕ ಇನ್ನೂ ಎಷ್ಟೋ ಮನೆಗಳ ಅಟ್ಟದ ಟ್ರಂಕಿನಲ್ಲಿದೆ. ಬಾಡಿಗೆ ಮನೆಯವರು ಇಂಥ ವರ್ಷ ಇಂಥ ಕ್ರಾಸಿನಲ್ಲೇ ಇದ್ದರು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಕಮ್ಮಿ. ದಯವಿಟ್ಟು ರದ್ದಿಗೆ ಹಾಕಬೇಡಿ. ಅಷ್ಟೇಕೆ, ಕರ್ನಾಟಕದ ಬಾನುಲಿಯೇ ಒಂದು ಮನೆಯಲ್ಲಿ ಹುಟ್ಟಿದ್ದು. 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ವಿಠಲ ವಿಹಾರದಿಂದಲೇ ಪ್ರಸಾರ ಶುರು ಮಾಡಿದರು.

ಇಬ್ಬರು ಎರಡು ಥರ ಹೇಳಿದರೆ? ಹೇಳಿಯೇ ಹೇಳುತ್ತಾರೆ. ಈ ಮೂಲೆಯಲ್ಲಿ ಇದ್ದದ್ದು ಸೌದೆ ಡಿಪೋ ಅಂತ ಅಣ್ಣ, ಅಲ್ಲ ಹಿಟ್ಟಿನ ಗಿರಣಿ ಅಂತ ತಂಗಿ. ಎರಡೂ ಬರೆದುಕೊಳ್ಳಿ, ಯಾರು ಹೇಳಿದ್ದು ಅಂತಲೂ ಬರೆದುಕೊಳ್ಳಿ. ಸೌದೆ ಹೊತ್ತು ತರುವ ಕೆಲಸ ಅಣ್ಣನದ್ದು, ಗಿರಣಿಗೆ ಡಬ್ಬ ಹಿಡಿದು ಹೋಗುತ್ತಿದ್ದದ್ದು ತಂಗಿ. ಬಹುಶಃ ಎರಡೂ ಇದ್ದವು. ನಾವೇ ಕೂತು ಒಂದನ್ನು ಅಳಿಸಿಬಿಟ್ಟರೆ ಆ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದರು ಅನ್ನುವುದೂ ಅಳಿಸಿಹೋಗುತ್ತದೆ.

ಇದನ್ನೆಲ್ಲ ಮಾಡೋಕೆ ಇತಿಹಾಸದ ಪದವಿ ಬೇಕಾ? ಬೇಡ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಮತ್ತೆ ಬೆಳಕಿಗೆ ಬಂದಾಗ ಅದನ್ನು ಉಳಿಸಲು ಮುಂದೆ ಬಂದವರಲ್ಲಿ ಅಲ್ಲಿಯ ನಿವಾಸಿಗಳು, ಬೇರೆ ಬೇರೆ ಕೆಲಸದಲ್ಲಿದ್ದ ಆಸಕ್ತರೇ ಜಾಸ್ತಿ. ಈಗ ಅದಕ್ಕೆ ಒಂದು ಮಂಟಪ ಇದೆ. ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಲ್ಲಿಗೆ ಇಷ್ಟು ಆಗುತ್ತದೆ ಅಂದರೆ ಮನೆಗಳಿಗೂ ಮಾತುಗಳಿಗೂ ಯಾಕೆ ಆಗಬಾರದು?

ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ವಿಷಯ. ಗೇಟಿನ ಹತ್ತಿರ ನಿಂತು ಮನೆಯ ಫೋಟೋ ತೆಗೆದರೆ ಜನ ನಿಮ್ಮನ್ನು ಬ್ರೋಕರ್ ಅಂದುಕೊಳ್ಳುತ್ತಾರೆ, ಇಲ್ಲದಿದ್ದರೆ ಕಾರ್ಪೊರೇಷನ್‌ನವರು ಅಂದುಕೊಳ್ಳುತ್ತಾರೆ. ಆದ್ದರಿಂದ ಆ ಬೀದಿಯಲ್ಲೇ ಇರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಹೂ ಮಾರುವವರು ಅಥವಾ ಇಸ್ತ್ರಿ ಅಂಗಡಿಯವರು ಆದರೆ ಇನ್ನೂ ಒಳ್ಳೆಯದು, ಅವರಿಗೆ ಎಲ್ಲ ಬಾಗಿಲೂ ತೆರೆಯುತ್ತದೆ. ಆಸ್ತಿಯ ಪತ್ರ ತೋರಿಸಿದರೆ ಓದಿ, ಫೋಟೋ ತೆಗೆಯುವ ಮುಂಚೆ ಕೇಳಿ. ಎಷ್ಟೋ ಮನೆಗಳ ಮೇಲೆ ಕೋರ್ಟಿನಲ್ಲಿ ಕೇಸ್ ಇರುತ್ತದೆ, ನಿಮ್ಮ ರೆಕಾರ್ಡಿಂಗ್ ಅಲ್ಲಿ ಹೋಗಿ ಸೇರಬಾರದು. ರೆಕಾರ್ಡಿಂಗ್ ಶುರುವಿನಲ್ಲೇ ದಿನಾಂಕ, ಜಾಗ, ಮಾತಾಡುವವರ ಹೆಸರು, ಇದನ್ನು ಯಾರು ಕೇಳಬಹುದು ಅನ್ನುವ ಅವರ ಒಪ್ಪಿಗೆ ಎಲ್ಲ ಅವರ ದನಿಯಲ್ಲೇ ಬರಲಿ. ಮನೆಯ ಒಂದು ಸರಳ ನಕ್ಷೆ ಕೈಯಲ್ಲೇ ಬರೆಯಿರಿ, ಹಿತ್ತಲು, ಕನ್ಸರ್ವೆನ್ಸಿ ಕಡೆಯ ಬಾಗಿಲು ಸೇರಿಸಿ. ಒಂದು ಪ್ರತಿ ಆ ಮನೆಯವರಿಗೇ ಕೊಡಿ, ಒಂದು ಪ್ರತಿ ಬಡಾವಣೆಯ ಗ್ರಂಥಾಲಯದಲ್ಲಿಡಿ. ನಿಮ್ಮ ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಫೋನ್ ಜೊತೆಗೇ ಅದೂ ಹೋಗುತ್ತದೆ.

ಹೋಗುವುದಾದರೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಅಡುಗೆ, ಪೂಜೆ ಮುಗಿದಿರುತ್ತದೆ, ಹಿರಿಯರು ಇನ್ನೂ ಊಟಕ್ಕೆ ಕೂತಿರುವುದಿಲ್ಲ, ಹಿತ್ತಲಿನಲ್ಲಿ ಬಿಸಿಲೂ ಇರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ನಮಸ್ಕಾರ.