ಹತ್ತಲು ಗುಡ್ಡವಿಲ್ಲದ ಹುಳಗಳು

ಕೇಳುಗರಿಗೆ ನಮಸ್ಕಾರ.

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಹಳ್ಳಕ್ಕಿಳಿದು, ಹರಿಯುವ ನೀರಿನೊಳಗಿನ ಅಂಗೈ ಅಗಲದ ಕಲ್ಲೊಂದನ್ನು ಮಗುಚಿ ನೋಡಿ. ಚಪ್ಪಟೆ ಮೈಯ ಹುಳವೊಂದು ಸರ್ರನೆ ಪಕ್ಕಕ್ಕೆ ಸರಿದೀತು. ಹಿಂದೆ ಎಳೆಯಂಥ ಎರಡು-ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ಅಲುಗುವ ಕಿವಿರು. ಅದು ಮೇಫ್ಲೈ ಕೀಟದ ಮರಿ. ಪಕ್ಕದಲ್ಲೇ ಉಸುಕಿನ ಕಣ ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳ ಇದ್ದೀತು.

ಇವು ಉಸಿರಾಡುವುದು ನೀರಲ್ಲಿ ಕರಗಿದ ಆಮ್ಲಜನಕವನ್ನು. ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ ಏಳೂವರೆ. ಹುಳದ ಬೇಡಿಕೆ ಮಾತ್ರ ಅಷ್ಟರಲ್ಲಿ ಹೆಚ್ಚುಕಡಿಮೆ ಇಮ್ಮಡಿ.

ಆಲ್ಪ್ಸ್‌ನಂಥ ಬೆಟ್ಟಗಳಲ್ಲಿ ನೀರು ಬಿಸಿಯಾದಂತೆ ಹುಳಗಳು ಮೇಲಿನ ತೊರೆಗಳತ್ತ ಸರಿಯುತ್ತವೆ. ನಮ್ಮಲ್ಲಿ ಎಲ್ಲಿಗೆ ಹತ್ತಬೇಕು? ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಬೀದರ ಆರುನೂರರ ಆಸುಪಾಸು. ಅಲ್ಲಿಗೆ ಮುಗಿಯಿತು. ಉಳಿದ ದಾರಿ ಕೆಳಗೆ: ಕಲ್ಲು-ಉಸುಕಿನ ಸಂದಿ, ಆಳದ ಮಡು, ಇಲ್ಲವೇ ಬೀದರದ ಝರಿ. ಅಲ್ಲಿನ ಜಂಬಿಟ್ಟಿಗೆ ಹೀರಿದ ಮಳೆನೀರು ಅಡಿಯ ಗಟ್ಟಿ ಕಪ್ಪುಕಲ್ಲಿಗೆ ತಾಗಿ ಅಂಚಿನಲ್ಲಿ ಹೊರಬರುತ್ತದೆ. ನೆಲದೊಳಗಿನ ನೀರು, ಹಾಗಾಗಿ ಮೇ ತಿಂಗಳಲ್ಲೂ ತಂಪು. ಸುತ್ತ ಬೋರ್‌ವೆಲ್ ಹೆಚ್ಚಿದರೆ ಬತ್ತುವುದೂ ಅದೇ.

ಸಂದಿಯ ಪಾಡು ಇನ್ನೂ ಕಷ್ಟ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹೊರಬಲ್ಲದು. ಹಾಗಾಗಿ ಮಳೆ ಸುರಿದರೆ ಒಮ್ಮೆಗೇ ಸುರಿಯುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದು ನೆನಪಿದೆಯಲ್ಲ? ಅಂಥ ಮಳೆಗೆ ಹೊಲದ ಎರೆಮಣ್ಣು ಕೊಚ್ಚಿ ಬಂದು ಸಂದಿಗಳನ್ನು ಮೆತ್ತಿಬಿಡುತ್ತದೆ. ಉಸುಕು ಎತ್ತಿದ ಕಡೆಯಂತೂ ಸಂದಿಯೇ ಇಲ್ಲ. ಆಮೇಲೆ ತಾಳುವವು ಹಿಮೋಗ್ಲೋಬಿನ್ ಇರುವ ಕೆಂಪು ಹುಳ, ಬಾಗಿಲು ಮುಚ್ಚಿ ಕೆಸರಲ್ಲಿ ಮಲಗುವ ಶಂಖದ ಹುಳ, ಬಿಲ ತೋಡುವ ಏಡಿ. ಹಳ್ಳದಲ್ಲಿ ಹುಳ ಇವೆಯಲ್ಲ ಎಂದು ಸಮಾಧಾನಪಡಬೇಡಿ, ಯಾವ ಹುಳ ಎಂದು ನೋಡಿ.

ಲೆಕ್ಕ ಇಡಬಯಸುವ ಕಾಲೇಜು ಮಕ್ಕಳಿಗೆ ಅರ್ಧ ಮಿಲಿಮೀಟರ್ ಕಣ್ಣಿನ ಬಲೆ, ಬಿಳಿ ಟ್ರೇ, ತಂತಿಯ ತುದಿಗೆ ಸೆನ್ಸರ್ ಇರುವ ಥರ್ಮಾಮೀಟರ್ ಸಾಕು. ಬಲೆಯ ಬಾಯಿ ಹರಿವಿಗೆ ಎದುರಾಗಿರಲಿ; ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ 3 ನಿಮಿಷ ಕದಡಿ. ಪ್ರತಿ ಸಲವೂ ಅಷ್ಟೇ ಹೊತ್ತು, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಪ್ರವಾಹ ಇಳಿದ ಮೇಲೆ ಮೂರು ವಾರವಾದರೂ ಕಾಯಿರಿ. ಆತುರಪಟ್ಟರೆ ನೆರೆ ಮಾಡಿದ ನಷ್ಟ ಬಿಸಿಲಿನ ಲೆಕ್ಕಕ್ಕೆ ಸೇರುತ್ತದೆ. ಮಡುವಿನಲ್ಲಿ ತಂತಿಯನ್ನು ತಳಕ್ಕೆ ಬಿಡಿ, ಮೇಲಿನ ನೀರು ಮೋಸ ಮಾಡುತ್ತದೆ. ಎಣಿಸಿದ ಕೂಡಲೇ ಹುಳಗಳನ್ನು ಹಳ್ಳಕ್ಕೆ ಬಿಡಿ. ಟ್ರೇ ಬಿಸಿಲಲ್ಲಿಟ್ಟು ಚಹಾಕ್ಕೆ ಹೋದಿರೋ, ಬರುವಷ್ಟರಲ್ಲಿ ಆ ನಾಲ್ಕು ಬೆರಳು ನೀರು ಕಾದಿರುತ್ತದೆ.