ಆ ಗೌನ್ ಒಳಗೆ ನೀವು ಹೋಗಿದ್ದು ಎಲ್ಲಿಂದ?

ನಮಸ್ಕಾರ ಎಲ್ಲರಿಗೂ. ಇವತ್ತು ಜರ್ಮನ್ ಕಲಾವಿದ ಕ್ರಾನಾಕ್‌ನ ಚಿತ್ರಗಳ ಟೋಪಿಗಳ ಬಗ್ಗೆ ಮಾತಾಡೋಣ ಅಂತ ಎಲ್ಲ ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂತು. ಓದುತ್ತೇನೆ, ಕೇಳಿ. "ಬ್ರಾಂಜಿನೋ ಚಿತ್ರದಲ್ಲಿ ಇರುವ ಹಾಗೇ ಎಲಿಯೊನೋರಾ ಗೌನ್ ಹೊಲಿದಿದ್ದೇನೆ, ಒಂದು ನೂಲು ಆಚೆ ಈಚೆ ಇಲ್ಲ. ಹಿಂದೆ ಜಿಪ್ ಇಟ್ಟಿದ್ದೇನೆ, ಅದು ಯಾರಿಗೆ ಕಾಣುತ್ತೆ?"

ಒಂದು ನೂಲು ಆಚೆ ಈಚೆ ಇಲ್ಲ. ಹಿಂದೆ ಜಿಪ್.

ಟೋಪಿ ಮುಂದಿನ ವಾರ.

ನೋಡಿ, ಈ ಚಾನೆಲ್‌ನಲ್ಲಿ ನಾನು ಮೊದಲಿಂದ ಕೇಳುತ್ತಾ ಬಂದಿರುವುದು ಒಂದೇ ಪ್ರಶ್ನೆ. ಯಾವುದೇ ಹಳೇ ಚಿತ್ರ ಮುಂದಿಟ್ಟುಕೊಂಡು ಬಟ್ಟೆ ಹೊಲಿಯೋಕೆ ಹೊರಟರೆ, ಬಣ್ಣ ಆಮೇಲೆ, ಮುತ್ತು ಆಮೇಲೆ, ಜರಿ ಆಮೇಲೆ. ಮೊದಲು ಹೇಳಿ, ಇದು ಬಿಚ್ಚೋದು ಎಲ್ಲಿ? ಈ ಹೆಂಗಸು ಬೆಳಗ್ಗೆ ಎದ್ದು ಇದರೊಳಗೆ ಹೋಗಿದ್ದು ಎಲ್ಲಿಂದ? ಅದು ಗೊತ್ತಾಗಲಿಲ್ಲ ಅಂದರೆ ನೀವು ಚಿತ್ರ ನೋಡಿದ್ದೀರಿ ಅಷ್ಟೇ, ಬಟ್ಟೆ ನೋಡಿಲ್ಲ.

ಸರಿ, ಇಟಲಿಯ ಕಲಾವಿದ ಬ್ರಾಂಜಿನೋನ ಅದೇ ಚಿತ್ರ ತಗೊಳ್ಳೋಣ. ಎಲಿಯೊನೋರಾ ದಿ ಟೊಲೆಡೊ, ಫ್ಲಾರೆನ್ಸ್ ದೊರೆ ಕೊಸಿಮೊ ಮೆಡಿಚಿಯ ಹೆಂಡತಿ. ಪಕ್ಕದಲ್ಲಿ ಮಗ ಜೊವಾನ್ನಿ. 1545ರ ಆಸುಪಾಸು ಬರೆದದ್ದು, ಈಗ ಫ್ಲಾರೆನ್ಸಿನ ಉಫೀಜಿ ಮ್ಯೂಸಿಯಂನಲ್ಲಿದೆ. ಬಿಳಿ ರೇಷ್ಮೆ ಮೇಲೆ ಕಪ್ಪು ಬಳ್ಳಿ, ಚಿನ್ನದ ದಾಳಿಂಬೆ. ಆ ದೊಡ್ಡ ದಾಳಿಂಬೆ ಎಲ್ಲಿದೆ ನೋಡಿ. ಸರಿಯಾಗಿ ಎದೆ ಮಧ್ಯದಲ್ಲಿ, ಒಂದು ಕಡೆಯೂ ಕತ್ತರಿಸಿಲ್ಲ, ಜೋಡಿಸಿಲ್ಲ. ಅಂದರೆ ಏನು? ಮುಂದೆ ಬಿಚ್ಚೋಕೆ ಆಗಲ್ಲ! ಮುಂದೆ ಇಲ್ಲ ಅಂದರೆ ಪಕ್ಕದಲ್ಲೋ ಬೆನ್ನಲ್ಲೋ ಇರಲೇಬೇಕು. ಬ್ರಾಂಜಿನೋ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಆದರೆ ದಾಳಿಂಬೆ ಹೇಳುತ್ತಿದೆ. ಚಿತ್ರ ಓದೋದು ಅಂದರೆ ಇದು ಸ್ವಾಮಿ.

ಇನ್ನೊಂದು ಮಾತು. ಇದೇ ಗೌನ್‌ನಲ್ಲೇ ಆಕೆಯನ್ನು ಹೂಳಿದರು ಅಂತ ಬಹಳ ಕಾಲ ಜನ ನಂಬಿದ್ದರು. ಸುಳ್ಳು. ಆಕೆ ತೀರಿಕೊಂಡದ್ದು 1562ರಲ್ಲಿ. ಸಮಾಧಿಯಲ್ಲಿ ಸಿಕ್ಕ ಬಟ್ಟೆ ಈಗ ಫ್ಲಾರೆನ್ಸಿನದೇ ಪಿಟ್ಟಿ ಅರಮನೆಯಲ್ಲಿದೆ. ಅದು ಸ್ಯಾಟಿನ್ ಗೌನ್, ಮೇಲೆ ವೆಲ್ವೆಟ್ ಪಟ್ಟಿಗಳು, ದಾಳಿಂಬೆ ಇಲ್ಲ, ಏನೂ ಇಲ್ಲ. ಆದರೆ ದಾರ ಹೆಣೆಯುವ ತೂತುಗಳು ಎಲ್ಲಿವೆ ಗೊತ್ತಾ? ಬೆನ್ನಿನ ಕಡೆಗೆ! ಒಳಗಿದ್ದ ವೆಲ್ವೆಟ್ ಕುಪ್ಪಸಕ್ಕೆ ಮಾತ್ರ ಮುಂದೆ ಕೊಕ್ಕೆಗಳು. ಅಂದರೆ ಒಳಗಿನದು ಮುಂದೆ, ಮೇಲಿನದು ಹಿಂದೆ. ಇದೆಲ್ಲ ನಮಗೆ ಗೊತ್ತಾಗಿದ್ದು ಹಳೇ ಉಡುಪುಗಳ ಇತಿಹಾಸ ಬರೆದ ಇಂಗ್ಲೆಂಡಿನ ಜಾನೆಟ್ ಆರ್ನಲ್ಡ್ ಅಂಥವರು ಉಳಿದ ಚಿಂದಿಗಳ ಮುಂದೆ ಅಳತೆ ಟೇಪ್ ಹಿಡಿದು ಕೂತದ್ದರಿಂದ. ಸುಮ್ನೆ ಫೋನಿನಲ್ಲಿ ಜೂಮ್ ಮಾಡಿದ್ದರಿಂದ ಅಲ್ಲ.

ನಡುವೆ ಒಂದು ಮಾತು, ಇನ್ನೂ ಸಬ್‌ಸ್ಕ್ರೈಬ್ ಮಾಡದೇ ಇಲ್ಲಿತನಕ ನೋಡುತ್ತಿದ್ದೀರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕು.

ಈಗ ಬರುತ್ತದೆ ನೋಡಿ ಮಾಮೂಲಿ ವಾದ. "ಆ ಕಾಲದ ಕಲಾವಿದರು ಒಂದೊಂದು ಮುತ್ತನ್ನೂ ಬರೆದಿದ್ದಾರೆ ಮೇಡಂ, ಹೊಲಿಗೆ ಬಿಡುತ್ತಾರಾ?" ಬಿಡುತ್ತಾರೆ! ಮುತ್ತು ತೋರಿಸೋಕೆ ದುಡ್ಡು ಕೊಟ್ಟಿದ್ದಾರೆ, ಹೊಲಿಗೆ ತೋರಿಸೋಕೆ ಯಾರು ಕೊಡುತ್ತಾರೆ? ನಿಮ್ಮ ಮದುವೆ ಫೋಟೋದಲ್ಲಿ ಫೋಟೋಗ್ರಾಫರ್ ಬ್ಲೌಸಿನ ಒಳಮಾರ್ಜಿನ್ ತೆಗೆದಿದ್ದಾನಾ? ಆಗಿನ ರೇಷ್ಮೆ ಪನ್ನ ಅರವತ್ತು ಸೆಂಟಿಮೀಟರ್ ಆಸುಪಾಸು. ಅಂಥ ಘೇರಿನ ಲಂಗಕ್ಕೆ ಎಷ್ಟು ಪನ್ನ ಜೋಡಿಸಬೇಕು, ಲೆಕ್ಕ ಹಾಕಿ. ಆ ಜೋಡಣೆಗಳನ್ನು ಚಿತ್ರದಲ್ಲಿ ಹುಡುಕಿ ನೋಡಿ, ನಾನು ಕಾಯುತ್ತೇನೆ.

ಇನ್ನು ಕನ್ಯೆ ಮೇರಿಯ ಚಿತ್ರ ನೋಡಿ ನಿಲುವಂಗಿ ಹೊಲಿಯುವವರು. ಅಯ್ಯೋ. ಲಿಯೊನಾರ್ಡೊ ಏನು ಮಾಡುತ್ತಿದ್ದ ಅಂತ, ಆಗಿನ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಬರೆದಿಟ್ಟಿದ್ದಾನೆ. ಮಣ್ಣಿನ ಗೊಂಬೆ ಮಾಡಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ಆ ನೆರಿಗೆ ನೋಡಿ ಬರೆಯುತ್ತಿದ್ದನಂತೆ. ನೀವು ಯಾವುದೋ ಗೊಂಬೆ ಮೇಲಿನ ಒದ್ದೆ ಬಟ್ಟೆಗೆ ಪ್ಯಾಟರ್ನ್ ತೆಗೆಯುತ್ತಿದ್ದೀರಿ! ಬೇಲೂರಿನ ಶಿಲಾಬಾಲಿಕೆ ನೋಡಿ ಹೊಯ್ಸಳರ ಕಾಲದ ಹೆಂಗಸರೆಲ್ಲ ಹಾಗೇ ಸಂತೆಗೆ ಹೋಗುತ್ತಿದ್ದರು ಅಂದ ಹಾಗಾಯಿತು.

ಹಾಗಂತ ಚಿತ್ರಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಚಿತ್ರದ ಹತ್ತಿರ ಹೋಗಿ. ಇಟಲಿಯ ಮಾಂಟೆರ್ಕಿ ಅನ್ನೋ ಪುಟ್ಟ ಊರಿನಲ್ಲಿ ಪಿಯೆರೊ ದೆಲ್ಲಾ ಫ್ರಾನ್ಸೆಸ್ಕಾ ಬರೆದ ಗರ್ಭಿಣಿ ಮೇರಿ ಇದ್ದಾಳೆ. ಹೊಟ್ಟೆ ದೊಡ್ಡದಾಗಿದೆ, ಅದಕ್ಕೇ ನೀಲಿ ಗೌನ್ ಮುಂದೆ ಬಿಚ್ಚಿಕೊಂಡಿದೆ, ಒಳಗಿನ ಬಿಳಿ ಅಂಗಿ ಕಾಣುತ್ತಿದೆ. ಆ ಬಿಳಿ ಅಂಗಿಗೆ ಇಟಾಲಿಯನ್ನರು ಕಮೀಚಾ ಅನ್ನುತ್ತಾರೆ, ಹೌದು, ನಮ್ಮ ಕಮೀಜಿನ ದೂರದ ನೆಂಟನೇ. ಎಂಥ ಚಿತ್ರ! ಬಿಚ್ಚೋದು ಎಲ್ಲಿ ಅಂತ ಮೇರಿ ತಾನೇ ಕೈಯಿಟ್ಟು ತೋರಿಸುತ್ತಿದ್ದಾಳೆ. ನನಗೆ ಇನ್ನೇನು ಬೇಕು?

ಕಲಾವಿದ ಹೋಲ್ಬೈನ್‌ಗೆ ನಾನು ದೀಪ ಹಚ್ಚಿಡಬೇಕು. ಇಂಗ್ಲಿಷ್ ಹುಡ್, ಅಂದರೆ ಆಗಿನ ಇಂಗ್ಲೆಂಡಿನ ತಲೆಯುಡುಪು, ಹಾಕಿದ ಒಬ್ಬ ಹೆಂಗಸನ್ನು ಒಂದೇ ಹಾಳೆಯಲ್ಲಿ ಮುಂದಿನಿಂದಲೂ ಹಿಂದಿನಿಂದಲೂ ಬರೆದಿದ್ದಾನೆ. ಹಿಂದಿನಿಂದ! ಆ ಹಾಳೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದೇ ಗಿರ್ಲಾಂಡಾಯೊ ಬರೆದ ಜೊವಾನ್ನಾ ತೊರ್ನಾಬುವೊನಿ ನೋಡಿ, 1488, ಕಟ್ಟುನಿಟ್ಟಿನ ಪ್ರೊಫೈಲ್, ಒಂದೇ ಮಗ್ಗುಲು. ಇನ್ನೊಂದು ಮಗ್ಗುಲಲ್ಲಿ ಏನಿತ್ತು? ನಮ್ಮ ಕಾಮೆಂಟಿನವರು ಹೇಳುತ್ತಾರೆ, ಜಿಪ್ ಇತ್ತು.

ಹಾಂ, ಬಹಳ ಜನ ಕೇಳಿದ್ದೀರಿ, ಯಾನ್ ವಾನ್ ಐಕ್ ಬರೆದ ಅರ್ನೊಲ್ಫಿನಿ ಜೋಡಿಯ ಚಿತ್ರದಲ್ಲಿರುವ ಆ ಹಸಿರು ಗೌನಿನ ಹೆಂಗಸು ಗರ್ಭಿಣಿನಾ ಅಂತ. ಅಲ್ಲ. ಬಟ್ಟೆ ಜಾಸ್ತಿ ಇದೆ, ಎತ್ತಿ ಹಿಡಿದುಕೊಂಡಿದ್ದಾಳೆ. ಇದು ಎಷ್ಟನೇ ಸಲ ಹೇಳುತ್ತಿದ್ದೇನೋ.

"ಯಾರಿಗೆ ಕಾಣುತ್ತೆ?" ಅದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಜಿಪ್ ಹುಟ್ಟಿದ್ದೇ 1890ರ ದಶಕದಲ್ಲಿ, ಅದು ಬಿಡಿ, ಅದು ಸಣ್ಣ ವಿಷಯ. ದಾರ ಹೆಣೆದು ಎಳೆದಾಗ ಬಟ್ಟೆ ಮೈಮೇಲೆ ಕೂರುವ ರೀತಿಯೇ ಬೇರೆ. ಜಿಪ್ ಒಂದೇ ಅಳತೆಗೆ ನಿಲ್ಲುತ್ತದೆ. ದಾರ ಊಟಕ್ಕೆ ಮುಂಚೆ ಒಂದು, ಊಟ ಆದಮೇಲೆ ಒಂದು. ಎದೆಯ ಭಾಗ ಸಪಾಟಾಗಿ ಕೂರುವುದು ಆ ಎಳೆತದಿಂದ, ಮುಂದೆ ಕಾಣುವ ಆಕಾರ ಹುಟ್ಟುವುದೇ ಹಿಂದೆ. ಆಮೇಲೆ ಕಾಮೆಂಟ್ ಹಾಕುತ್ತೀರಿ, "ಯಾಕೋ ಚಿತ್ರದ ಥರ ಕೂರುತ್ತಿಲ್ಲ ಮೇಡಂ, ಟಿಪ್ಸ್ ಕೊಡಿ." ಟಿಪ್ಸ್! ಬಿಚ್ಚೋದು ಎಲ್ಲಿ? ಇದೇ ಟಿಪ್ಸ್!

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೊರೋನಿ ಬರೆದ ಒಬ್ಬ ದರ್ಜಿ ಇದ್ದಾನೆ. ಕೈಯಲ್ಲಿ ಕತ್ತರಿ, ಮುಂದೆ ಕಪ್ಪು ಬಟ್ಟೆ, ಅದರ ಮೇಲೆ ಸೀಮೆಸುಣ್ಣದ ಗೆರೆ. ತಲೆ ಎತ್ತಿ ನಿಮ್ಮನ್ನೇ ನೋಡುತ್ತಾನೆ. ಆ ನೋಟ ಇದೆಯಲ್ಲ, ಜಿಪ್ ಅಂದವರನ್ನೇ ನೋಡುತ್ತಿರುವುದು ಅಂತ ನನಗೆ ಖಾತ್ರಿ.

ಇನ್ನೂ ನಾಲ್ಕು ಪಾಯಿಂಟ್ ಬರೆದುಕೊಂಡಿದ್ದೆ, ಹಾಳೆ ಎಲ್ಲಿ ಹೋಯಿತೋ. ಪರವಾಗಿಲ್ಲ. ತೂತು ಹಾಕಿ ದಾರ ಹೆಣೆಯುವುದನ್ನು ಕೈಯಲ್ಲೇ ಕಲಿಸುವ ನನ್ನ ಭಾನುವಾರದ ಕ್ಲಾಸ್ ಲಿಂಕ್ ಕೆಳಗಿದೆ, ಜಿಪ್ ಮಹಾಶಯರಿಗೆ ಫೀಸಿನಲ್ಲಿ ರಿಯಾಯಿತಿ ಇಲ್ಲ, ಡಬಲ್.

ಮತ್ತೆ, ಲೈವ್‌ನಲ್ಲಿ ಒಬ್ಬರು ಕೇಳುತ್ತಿದ್ದಾರೆ, "ಮೇಡಂ, ನೀವು ಇವತ್ತು ಹಾಕಿರುವ ಗೌನ್ ಹಿಂದೆ ಹೇಗಿದೆ, ಒಂದು ಸಲ ತಿರುಗಿ ತೋರಿಸಿ." ತಿರುಗಲ್ಲ. ಬೆಳಗ್ಗೆ ದಾರ ಕಿತ್ತುಹೋಯಿತು, ನಾಲ್ಕು ಸೇಫ್ಟಿ ಪಿನ್ ಇವೆ. ಪಿನ್ ಆ ಕಾಲದಲ್ಲೂ ಇತ್ತು. ಸೇಫ್ಟಿ ಇರಲಿಲ್ಲ, ಅಷ್ಟೇ. ಬರುತ್ತೇನೆ.