ನುಂಗಲಾಗದಿದ್ದರೆ ‘ವಯಸ್ಸಾಯಿತು’ ಎನ್ನಬೇಡಿ

ಹೋದ ಸಂಚಿಕೆಗೆ ಒಬ್ಬರು ಬರೆದಿದ್ದಾರೆ: “ಎಪ್ಪತ್ತು ದಾಟಿದ ಮೇಲೆ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುವುದು ಸಹಜ. ಮೆತ್ತಗೆ ಬೇಯಿಸಿ ಕೊಡಿ, ಸಾಕು.”

ಸಾಕಾಗುವುದಿಲ್ಲ ಸ್ವಾಮಿ! ವಯಸ್ಸು ಕಾಯಿಲೆಯ ಹೆಸರಲ್ಲ. ಮುಪ್ಪಿನಲ್ಲಿ ನುಂಗುವುದು ತುಸು ನಿಧಾನವಾಗುತ್ತದೆ, ಅಷ್ಟೇ. ತುತ್ತು ಸಿಕ್ಕಿಕೊಂಡರೆ, ತೂಕ ಇಳಿದರೆ ಅದಕ್ಕೆ ಕಾರಣವಿರುತ್ತದೆ.

ಪಾರ್ಶ್ವವಾಯು, ಪಾರ್ಕಿನ್ಸನ್, ಕ್ಯಾನ್ಸರ್ ಇವುಗಳನ್ನು ವೈದ್ಯರು ಹುಡುಕುತ್ತಾರೆ. ಸಿಗದಿದ್ದಾಗ “ಎಂಡೋಸ್ಕೋಪಿ ನಾರ್ಮಲ್” ಎಂದು ಮನೆಗೆ ಕಳುಹಿಸುತ್ತಾರಲ್ಲ, ನನ್ನ ಸಿಟ್ಟು ಅಲ್ಲಿ. ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸುವ ಎಂಡೋಸ್ಕೋಪಿ ಕಾಣುವುದು ಒಳಗೋಡೆಯನ್ನು. ಕತ್ತಿನ ಮೂಳೆಯ ಮುಂಭಾಗದಲ್ಲಿ ಎಲುಬು ಬೆಳೆದು ಹೊರಗಿನಿಂದ ಅನ್ನನಾಳವನ್ನು ಒತ್ತುತ್ತಿದ್ದರೆ? ಫಾರೆಸ್ಟಿಯರ್ ಕಾಯಿಲೆಯಲ್ಲಿ ಆಗುವುದು ಇದೇ. ಪಕ್ಕದಿಂದ ತೆಗೆದ ಒಂದು ಎಕ್ಸ್‌ರೇ ಅದನ್ನು ತೋರಿಸುತ್ತದೆ. ಅಕಲೇಸಿಯ ಎಂಬ ಇನ್ನೊಂದು ಕಾಯಿಲೆಯಲ್ಲಿ ಅನ್ನನಾಳದ ಕೆಳಬಾಗಿಲು ಸಡಿಲಗೊಳ್ಳುವುದಿಲ್ಲ. ಘನ ಆಹಾರದ ಜೊತೆ ನೀರೂ ನಿಲ್ಲುತ್ತದೆ. ಆರಂಭದಲ್ಲಿ ಎಂಡೋಸ್ಕೋಪಿಗೆ ಏನೂ ಕಾಣದಿರಬಹುದು, ಒತ್ತಡ ಅಳೆಯುವ ಮ್ಯಾನೋಮೆಟ್ರಿಯೇ ಬೇಕು.

ಗಂಟೆಗಳ ಹಿಂದೆ ತಿಂದದ್ದು ಹಾಗೆಯೇ ಬಾಯಿಗೆ ಮರಳುತ್ತಿದೆಯೇ? ಬಾಯಿ ನಾರುತ್ತಿದೆಯೇ, ಕತ್ತಿನಲ್ಲಿ ಗುಳುಗುಳು ಸದ್ದಿದೆಯೇ? ಗಂಟಲ ಹಿಂದೆ ಜೆಂಕರ್ ಚೀಲ, ಅಂದರೆ ಗಂಟಲ ಗೋಡೆ ಹೊರಗೆ ಉಬ್ಬಿ ಆದ ಚೀಲ, ಇರಬಹುದು. ಇಲ್ಲಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಮೊದಲು ಆಗಬೇಕು, ಏಕೆಂದರೆ ಎಂಡೋಸ್ಕೋಪಿಯ ಕೊಳವೆ ಚೀಲಕ್ಕೇ ನುಗ್ಗಿ ತೂತು ಮಾಡುವ ಅಪಾಯವಿದೆ. ಇನ್ನು ಮೊದಲ ತುತ್ತುಗಳು ಸರಾಗವಾಗಿ ಇಳಿದು, ಊಟ ಮುಗಿಯುವ ಹೊತ್ತಿಗೆ ದವಡೆ ಸೋತು, ಕಣ್ಣರೆಪ್ಪೆ ಇಳಿಬೀಳುತ್ತಿದ್ದರೆ ಸ್ನಾಯುಗಳು ಬೇಗ ದಣಿಯುವ ಕಾಯಿಲೆಯಾದ ಮಯಸ್ತೇನಿಯಾ ಗ್ರೇವಿಸ್ ಅನುಮಾನಿಸಬೇಕು. ಅದಕ್ಕೆ ರಕ್ತಪರೀಕ್ಷೆಯಿದೆ, ಔಷಧವೂ ಇದೆ! ಇದನ್ನೂ ವಯಸ್ಸಿನ ತಲೆಗೇ ಕಟ್ಟುತ್ತೀರಾ?

“ಈ ವಯಸ್ಸಿನಲ್ಲಿ ಪರೀಕ್ಷೆಗಳ ಹಿಂಸೆ ಏಕೆ?” ಎನ್ನುವವರಿದ್ದಾರೆ. ಒಂದು ಲೋಟ ಬೇರಿಯಂ ಹಿಂಸೆಯೋ, ದಿನವೂ ತಟ್ಟೆ ಕಂಡು ಹೆದರುವುದು ಹಿಂಸೆಯೋ? “ಇವೆಲ್ಲ ಅಪರೂಪ” ಎನ್ನುವವರೂ ಇದ್ದಾರೆ. ಹುಡುಕದೆ ಬಿಟ್ಟರೆ ಎಲ್ಲವೂ ಅಪರೂಪವೇ!

ವಯಸ್ಸು ಕಾಯಿಲೆಯ ಹೆಸರಲ್ಲ. ಮತ್ತೆ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಘನವೋ ದ್ರವವೋ, ನುಂಗಲು ಶುರುಮಾಡುವಾಗಲೋ ಎದೆಯಲ್ಲಿ ಇಳಿಯುವಾಗಲೋ, ಕೆಮ್ಮು ಬರುತ್ತದೆಯೋ, ಎಲ್ಲವನ್ನೂ ಬರೆದುಕೊಂಡು ವೈದ್ಯರ ಮುಂದಿಡಿ. “ವಯಸ್ಸು” ಎಂದರೆ ಕುರ್ಚಿ ಬಿಟ್ಟು ಏಳಬೇಡಿ, ಮುಂದಿನ ಪರೀಕ್ಷೆ ಯಾವುದೆಂದು ಕೇಳಿ. ಬಯ್ದರೂ ಕೇಳಿ!

ಈ ಸಂಚಿಕೆಯನ್ನು ಮನೆಯ ಹಿರಿಯರ ಜೊತೆ ಕುಳಿತು ನೋಡಿ, ಚಾನೆಲ್‌ಗೆ ಚಂದಾದಾರರಾಗಿ. ಮೂಳೆ ಸವೆತದ ಅಲೆಂಡ್ರೊನೇಟ್ ಮಾತ್ರೆಯನ್ನು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳಕ್ಕೆ ಏನಾಗುತ್ತದೆ ಎಂಬುದು ಮುಂದಿನ ವಾರ.